ಪಟ್ಟಿಯಲ್ಲಿ ಈ ಕಾಯಿಲೆ ಇಲ್ಲ ಅಂದರು, ನಮ್ಮ ಹುಡುಗನಿಗೆ ಏನೂ ಸಿಗಲ್ವಾ?

ಓದುಗರ ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯವಳು. ನನ್ನ ಅಕ್ಕನ ಮಗನಿಗೆ ಈಗ 11 ವರ್ಷ. ಭಾವ ತೀರಿಕೊಂಡು ಏಳು ವರ್ಷ, ಅಕ್ಕ ಹೋಗಿ ಆರು ವರ್ಷ. ಅವನು ನನ್ನ ಹತ್ತಿರವೇ ಬೆಳೆದಿದ್ದಾನೆ, ಚಿಗವ್ವ ಚಿಗವ್ವ ಅಂತ ಬೆನ್ನು ಬಿಡಲ್ಲ. ನಿನ್ನೆ ಬಂದ ಲೆಕ್ಕ ಇವತ್ತು ಬರಲ್ಲ. ಅಂಗಡಿಗೆ ಎರಡು ಸಾಮಾನು ತರಲು ಕಳಿಸಿದರೆ ಒಂದನ್ನು ಮರೆಯುತ್ತಾನೆ, ಚಿಲ್ಲರೆ ಎಲ್ಲಿ ಅಂದರೆ ಏನೋ ಕತೆ ಹೇಳುತ್ತಾನೆ. ಶಾಲೆಯಲ್ಲಿ ಸೋಮಾರಿ, ಸುಳ್ಳುಗಾರ ಅನ್ನುತ್ತಾರೆ. ಹೋದ ವರ್ಷ ಹೈದರಾಬಾದಿನ ಡಾಕ್ಟರಿಗೆ ತೋರಿಸಿದೆ. ತಾಯಿ ಬಸುರಿಯಿದ್ದಾಗ ಕುಡಿಯುತ್ತಿದ್ದಳಾ ಅಂತ ಕೇಳಿದರು. ನಾನು ನಿಜ ಹೇಳಿದೆ. ಅಕ್ಕ, ಭಾವ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮೈಕೈ ನೋವಿಗೆ ಅಂತ ಅಕ್ಕ ದಿನಾ ಸಂಜೆ ಸೇಂದಿ ಕುಡಿಯುತ್ತಿದ್ದಳು. ಡಾಕ್ಟರು ಚೀಟಿಯಲ್ಲಿ ಎಫ್‌ಎಎಸ್‌ಡಿ ಅಂತ ಬರೆದರು. ಅದನ್ನು ಹಿಡಿದುಕೊಂಡು ಅಂಗವಿಕಲರ ಸರ್ಟಿಫಿಕೇಟ್ ಕೇಳಲು ಹೋದರೆ, ‘ಈ ಕಾಯಿಲೆ ನಮ್ಮ ಪಟ್ಟಿಯಲ್ಲಿಲ್ಲ’ ಅಂತ ಕೌಂಟರಿನಲ್ಲೇ ವಾಪಸ್ ಕಳಿಸಿದರು. ಇದು ವಾಸಿ ಆಗುತ್ತಾ? ಸರ್ಕಾರದಿಂದ ಏನೂ ಸಿಗಲ್ವಾ? ನಿಜ ಹೇಳಿ ಸತ್ತ ಅಕ್ಕನ ಹೆಸರು ಕೆಡಿಸಿದೆನಾ ಅಂತ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನೀವು ನಿಜ ಹೇಳಿದ್ದರಿಂದ ಕೆಟ್ಟದ್ದೇನೂ ಆಗಿಲ್ಲ. ಎಫ್‌ಎಎಸ್‌ಡಿ, ಅಂದರೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ತಾಯಿ ಬಸುರಿಯಿದ್ದಾಗ ಮದ್ಯ ಕುಡಿದಿದ್ದಳಾ ಅನ್ನುವುದನ್ನು ಮನೆಯವರೇ ಹೇಳಬೇಕು. ನಮ್ಮ ಕಡೆ ಆ ಮಾತನ್ನು ಯಾರೂ ಬಾಯಿಬಿಡುವುದಿಲ್ಲ, ಡಾಕ್ಟರುಗಳು ಕೇಳುವುದೂ ಕಡಿಮೆ. ನಾನು ಕಲಬುರಗಿಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನೇ ನೋಡುತ್ತಾ ಬಂದವಳು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಆಗ ನೋಡಿದ ಕೆಲವು ಮಕ್ಕಳ ಮುಖ ಈಗಲೂ ಕಣ್ಣಮುಂದೆ ಬರುತ್ತದೆ. ಅಕ್ಕನ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ಮೊದಲು ಹುಡುಗನ ಕೆಲಸ ಮುಗಿಸೋಣ.

ಕೌಂಟರಿನಲ್ಲಿ ನಿಮಗೆ ಹೇಳಿದ್ದು ಅರ್ಧ ನಿಜ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಅದರಲ್ಲಿ ಎಫ್‌ಎಎಸ್‌ಡಿ ಅನ್ನುವ ಹೆಸರಿಲ್ಲ. ಆದರೆ ಆ ಪಟ್ಟಿಯಲ್ಲಿ ಇರುವುದು ಬರೀ ಕಾಯಿಲೆಗಳ ಹೆಸರಲ್ಲ, ಮನುಷ್ಯನಿಗೆ ಆಗುವ ತೊಂದರೆಗಳೂ ಇವೆ. ನೋಡಲು ಆಗದಿರುವುದು, ಕೇಳಿಸದಿರುವುದು, ಮಾತು ಬಾರದಿರುವುದು, ಬುದ್ಧಿ ಬೆಳವಣಿಗೆ ಹಿಂದುಳಿದಿರುವುದು, ಕಲಿಕೆಯ ನಿರ್ದಿಷ್ಟ ತೊಂದರೆ ಹೀಗೆ. ಹುಟ್ಟುವಾಗ ಉಸಿರು ಕಟ್ಟಿ ಬುದ್ಧಿ ಹಿಂದುಳಿದ ಮಗುವಿಗೂ ಸರ್ಟಿಫಿಕೇಟ್ ಸಿಗುತ್ತದೆ, ಮೆದುಳು ಜ್ವರದಿಂದ ಹಾಗಾದ ಮಗುವಿಗೂ ಸಿಗುತ್ತದೆ. ಕಾರಣ ಯಾವುದು ಅಂತ ಕಾಯ್ದೆ ಕೇಳುವುದಿಲ್ಲ. ಹಾಗಾದರೆ ಮದ್ಯದಿಂದ ಆದ ತೊಂದರೆಯನ್ನು ಮಾತ್ರ ಹೊರಗಿಡಲು ಬರುತ್ತದಾ? ಬರುವುದಿಲ್ಲ. ನೀವು ಚೀಟಿಯಲ್ಲಿದ್ದ ಹೆಸರನ್ನು ತೋರಿಸಿದಿರಿ, ಅವರು ಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿದರು. ಇನ್ನೊಂದು ಸಲ ಹೋಗುವಾಗ ಹುಡುಗನಿಗೆ ಏನು ಮಾಡಲು ಆಗುತ್ತಿಲ್ಲ ಅನ್ನುವುದನ್ನು ಮುಂದಿಡಬೇಕು. ಅದು ಹೇಗೆ ಅಂತ ಹೇಳುವ ಮೊದಲು ಈ ತೊಂದರೆ ಏನು ಅಂತ ತಿಳಿದಿರಲಿ.

ತಾಯಿ ಕುಡಿದ ಮದ್ಯ ಮಾಸಿನ ಮೂಲಕ ನೇರವಾಗಿ ಕೂಸಿಗೆ ಹೋಗುತ್ತದೆ. ದೊಡ್ಡವರ ಲಿವರ್ ಅದನ್ನು ಕರಗಿಸುತ್ತದೆ. ಹೊಟ್ಟೆಯಲ್ಲಿರುವ ಕೂಸಿನ ಲಿವರ್‌ಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಯಾವ ತಿಂಗಳಲ್ಲಿ ಕುಡಿದರೂ ಪೆಟ್ಟು ಬೀಳಬಹುದು. 1973ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಇದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಸಣ್ಣ ಕಣ್ಣು, ತೆಳು ಮೇಲ್ದುಟಿ, ಮೂಗಿಗೂ ತುಟಿಗೂ ನಡುವಿನ ಗೆರೆ ಅಳಿಸಿದಂತೆ ಇರುವುದು ಅದರ ಗುರುತು. ಆದರೆ ಮುಖದಲ್ಲಿ ಈ ಗುರುತು ಇರುವ ಮಕ್ಕಳು ಕಡಿಮೆ. ಜಾಸ್ತಿ ಮಕ್ಕಳು ನೋಡಲು ಎಲ್ಲರ ಹಾಗೇ ಇರುತ್ತಾರೆ, ಪೆಟ್ಟು ಬಿದ್ದಿರುವುದು ಮೆದುಳಿಗೆ ಮಾತ್ರ. ‘ನೋಡೋಕೆ ಚೆನ್ನಾಗೇ ಇದ್ದಾನಲ್ಲ, ಇವನಿಗೇನಾಗಿದೆ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ.

ಮರೆವು, ಅಂಗಡಿಯ ಚಿಲ್ಲರೆ, ಕತೆ ಕಟ್ಟುವುದು ಅಂತ ನೀವು ಬರೆದಿದ್ದೀರಲ್ಲ, ಮೂರೂ ಒಂದೇ ಬೇರಿನವು. ಕಲಿತದ್ದನ್ನು ಮೆದುಳು ಒಂದು ದಿನ ಎತ್ತಿ ಕೊಡುತ್ತದೆ, ಮರುದಿನ ಕೊಡುವುದಿಲ್ಲ. ನೆನಪಿನಲ್ಲಿ ತೂತು ಬಿದ್ದ ಜಾಗಕ್ಕೆ ಹುಡುಗ ತನಗೆ ತೋಚಿದ್ದನ್ನು ತುಂಬುತ್ತಾನೆ. ನಮಗೆ ಅದು ಸುಳ್ಳಿನ ಹಾಗೆ ಕೇಳಿಸುತ್ತದೆ. ಅವನಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ, ನೀವು ಕೇಳಿದ್ದಕ್ಕೆ ಉತ್ತರ ಕೊಡಬೇಕು ಅಂತ ಒದ್ದಾಡುತ್ತಾನೆ ಅಷ್ಟೇ. ದುಡ್ಡು, ಹೊತ್ತು, ‘ಹೀಗೆ ಮಾಡಿದರೆ ಮುಂದೆ ಹಾಗಾಗುತ್ತದೆ’ ಅನ್ನುವ ಲೆಕ್ಕ, ಇವು ಇಂಥ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಹೊಡೆದರೆ ಬುದ್ಧಿ ಬರುತ್ತದೆ ಅನ್ನುವುದು ಇಲ್ಲಿ ಒಂದಿಷ್ಟೂ ನಡೆಯುವುದಿಲ್ಲ. ಯಾಕೆ ಹೊಡೆತ ಬಿತ್ತು ಅನ್ನುವುದೇ ಅವನಿಗೆ ಮರುದಿನ ನೆನಪಿರುವುದಿಲ್ಲ. ಹೆದರಿಕೆ ಮಾತ್ರ ಉಳಿಯುತ್ತದೆ.

ವಾಸಿ ಆಗುತ್ತಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಇದು ಜೀವನಪೂರ್ತಿ ಇರುತ್ತದೆ. ಆದರೆ ಇದು ಏರುತ್ತಾ ಹೋಗುವ ಕಾಯಿಲೆಯೂ ಅಲ್ಲ. ಸರಿಯಾದ ಆಸರೆ ಸಿಕ್ಕಿದ ಮಕ್ಕಳು ಚೆನ್ನಾಗಿ ಬದುಕುತ್ತಾರೆ. ಚಂಚಲತೆ ತುಂಬಾ ಇದ್ದರೆ ಗಮನ ನಿಲ್ಲಲು ಔಷಧಿ ಇದೆ, ಅದನ್ನು ಮಕ್ಕಳ ಮನೋವೈದ್ಯರು ನೋಡಿ ಕೊಡಬೇಕು. ನೆನಪಿನ ಶಕ್ತಿಗೆ ಅಂತ ಮಾರುವ ಸಿರಪ್ಪು, ಪುಡಿಗಳಿಗೆ ದುಡ್ಡು ಸುರಿಯಬೇಡಿ.

ಊರಿನ ಮಾತುಗಳನ್ನೂ ಸ್ವಲ್ಪ ಬಿಡಿಸಿ ನೋಡೋಣ. ‘ಸೇಂದಿ ದಾರು ಅಲ್ಲ, ತಂಪು’ ಅನ್ನುತ್ತಾರೆ. ಗಿಡದಿಂದ ಇಳಿಸಿದ ನೀರಾ ಕೆಲವೇ ತಾಸಿನಲ್ಲಿ ಹುಳಿದು ಮದ್ಯವಾಗುತ್ತದೆ. ಅದರ ಮೇಲೆ ನಮ್ಮ ಗಡಿ ಭಾಗದಲ್ಲಿ ಸೇಂದಿ ಹೆಸರಿನಲ್ಲಿ ಮಾರುವುದರಲ್ಲಿ ಎಷ್ಟೋ ಸಲ ಗಿಡದ ರಸವೇ ಇರುವುದಿಲ್ಲ. ನೀರಿಗೆ ಸಿಎಚ್ ಪೌಡರ್ ಕಲಸಿರುತ್ತಾರೆ, ಅದು ಕ್ಲೋರಲ್ ಹೈಡ್ರೇಟ್ ಅನ್ನುವ ನಿದ್ದೆ ಬರಿಸುವ ರಾಸಾಯನಿಕ. ಆದ್ದರಿಂದ ಅಕ್ಕ ಕುಡಿದದ್ದರಲ್ಲಿ ಮದ್ಯ ಎಷ್ಟಿತ್ತು, ಪೌಡರ್ ಎಷ್ಟಿತ್ತು ಅಂತ ಈಗ ಯಾರೂ ಹೇಳಲಾರರು. ಹಾಗಂತ ರೋಗ ಗುರುತಿಸಿದ್ದು ಸುಳ್ಳಾಗುವುದಿಲ್ಲ. ಡಾಕ್ಟರಿಗೆ ಈ ವಿವರವನ್ನೂ ಹೇಳಿ.

ಇನ್ನೊಂದು ಮಾತು, ‘ಇದು ವಂಶದಲ್ಲಿ ಬರುತ್ತೆ, ನಾಳೆ ಅವನ ಮಕ್ಕಳಿಗೂ ಬರುತ್ತೆ’ ಅನ್ನುವುದು. ಬರುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ‘ಪಕ್ಕದ ಮನೆಯವಳೂ ಕುಡಿದಿದ್ದಳು, ಅವಳ ಮಗ ಚೆನ್ನಾಗಿದ್ದಾನಲ್ಲ’ ಅಂತಲೂ ಕೇಳುತ್ತಾರೆ. ಹೌದು, ಎಲ್ಲರಿಗೂ ಬರುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಹಾಕಿದ ಅಂದಾಜಿನ ಪ್ರಕಾರ, ಬಸುರಿಯಲ್ಲಿ ಮದ್ಯ ಕುಡಿದ 13 ತಾಯಂದಿರಲ್ಲಿ ಒಬ್ಬರ ಮಗುವಿಗೆ ಎಫ್‌ಎಎಸ್‌ಡಿ ಆಗುತ್ತದೆ. ಯಾರಿಗೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲದಿರುವುದೂ ಅದಕ್ಕೇ.

ಒಂದು ಎಚ್ಚರಿಕೆ. ಚೀಟಿಯಲ್ಲಿ ಎಫ್‌ಎಎಸ್‌ಡಿ ಅಂತ ಬರೆದಿದ್ದಾರೆ ಅಂತ ಬೇರೆ ಪರೀಕ್ಷೆಗಳನ್ನು ಬಿಡಬೇಡಿ. ಅಕ್ಕನದು ಸೋದರಮಾವನ ಜೊತೆಯ ಮದುವೆಯೋ, ಹತ್ತಿರದ ಸಂಬಂಧವೋ ಆಗಿದ್ದರೆ ಅದನ್ನು ಹೇಳಿ, ಆಗ ವಂಶವಾಹಿ ಕಾರಣಗಳನ್ನೂ ನೋಡಬೇಕಾಗುತ್ತದೆ. ಹೆರಿಗೆಯಲ್ಲಿ ಮಗು ತಡವಾಗಿ ಅತ್ತಿತ್ತಾ, ಸಣ್ಣವನಿದ್ದಾಗ ಫಿಟ್ಸ್ ಬಂದಿತ್ತಾ? ಥೈರಾಯ್ಡ್, ರಕ್ತ ಕಡಿಮೆ ಇರುವುದು, ಕಣ್ಣು, ಕಿವಿ ಎಲ್ಲ ಒಮ್ಮೆ ನೋಡಿಸಿ. ಎಫ್‌ಎಎಸ್‌ಡಿ ಇರುವ ಮಕ್ಕಳಲ್ಲಿ ಕಿವಿ ಕೇಳಿಸದ ತೊಂದರೆ, ದೃಷ್ಟಿ ತೊಂದರೆ ಹೆಚ್ಚು. ಒಂದು ಕಿವಿ ಮಂದ ಇದ್ದ ಹುಡುಗನನ್ನು ಎರಡು ವರ್ಷ ಮೊಂಡ ಅಂತ ಬೈದ ಮನೆಯನ್ನು ನಾನೇ ಕಂಡಿದ್ದೇನೆ.

ಈಗ ಸರ್ಟಿಫಿಕೇಟಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಅರ್ಜಿಯನ್ನು ಯುಡಿಐಡಿ ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲೂಕಿಗೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಅರ್ಜಿ ಹಾಕಿಕೊಡುವುದು, ಆಸ್ಪತ್ರೆಗೆ ದಾರಿ ತೋರಿಸುವುದು ಅವರ ಕೆಲಸ. ಮೊದಲು ಅವರನ್ನು ಹುಡುಕಿ. ಅರ್ಜಿಯಲ್ಲಿ ಅಂಗವಿಕಲತೆ ಯಾವುದು ಅನ್ನುವ ಜಾಗದಲ್ಲಿ ಎಫ್‌ಎಎಸ್‌ಡಿ ಅಂತ ಹುಡುಕಬೇಡಿ. ನಿಮ್ಮ ವಿವರಣೆ ನೋಡಿದರೆ ಬೌದ್ಧಿಕ ಅಂಗವಿಕಲತೆ ಅನ್ನುವುದಕ್ಕೆ ಪರೀಕ್ಷೆ ಆಗಬೇಕು ಅನ್ನಿಸುತ್ತದೆ.

ಆ ಪರೀಕ್ಷೆಯಲ್ಲಿ ಎರಡು ಭಾಗ. ಒಂದು ಐಕ್ಯೂ ಟೆಸ್ಟ್. ಎಲ್ಲರಿಗೂ ಗೊತ್ತಿರುವುದು ಅದೊಂದೇ. ಇನ್ನೊಂದು, ಮಗು ದಿನನಿತ್ಯದ ಬದುಕನ್ನು ಎಷ್ಟರ ಮಟ್ಟಿಗೆ ನಿಭಾಯಿಸುತ್ತದೆ ಅಂತ ನೋಡುವ ವೈನ್‌ಲ್ಯಾಂಡ್ ಮಾಪನ, ವಿಎಸ್ಎಂಎಸ್ ಅನ್ನುತ್ತಾರೆ. ಇದಕ್ಕೆ ಉತ್ತರ ಕೊಡುವುದು ಹುಡುಗ ಅಲ್ಲ, ನೀವು. ತಾನೇ ಸ್ನಾನ ಮಾಡುತ್ತಾನಾ, ದುಡ್ಡು ಎಣಿಸುತ್ತಾನಾ, ಒಬ್ಬನೇ ಪಕ್ಕದ ಊರಿಗೆ ಹೋಗಿ ಬರುತ್ತಾನಾ ಅಂತ ಮನಶ್ಶಾಸ್ತ್ರಜ್ಞರು ನಿಮ್ಮನ್ನು ಕೇಳುತ್ತಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಶೇಕಡಾವಾರು ಲೆಕ್ಕ ಹಾಕಲು ಈ ಮಾಪನದ ಅಂಕವನ್ನೇ ಬಳಸುತ್ತಾರೆ. 55ರಿಂದ 69 ಬಂದರೆ ಶೇ 50 ಅಂಗವಿಕಲತೆ. 70ರಿಂದ 84 ಬಂದರೆ ಶೇ 25 ಮಾತ್ರ. ಪಿಂಚಣಿ, ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಶೇ 40 ಬೇಕು. ಒಂದೆರಡು ಅಂಕದಲ್ಲಿ ಇಡೀ ಲೆಕ್ಕವೇ ಬದಲಾಗುತ್ತದೆ ನೋಡಿ.

ಎಫ್‌ಎಎಸ್‌ಡಿ ಮಕ್ಕಳ ಕಷ್ಟ ಇಲ್ಲೇ ಇರುವುದು. ಇವರಲ್ಲಿ ಅನೇಕರ ಐಕ್ಯೂ 70ಕ್ಕಿಂತ ಮೇಲೇ ಬರುತ್ತದೆ. ಮಾತು ಚುರುಕಾಗಿರುತ್ತದೆ, ಹೊಸಬರ ಮುಂದೆ ನಗುನಗುತ್ತಾ ಉತ್ತರ ಕೊಡುತ್ತಾರೆ. ಆದರೆ ದಿನದ ಬದುಕು ಆ ಐಕ್ಯೂಗಿಂತ ಎಷ್ಟೋ ಹಿಂದೆ ಇರುತ್ತದೆ. ಸರ್ಟಿಫಿಕೇಟ್ ಕೊಡುವ ಡಾಕ್ಟರುಗಳ ಬೋರ್ಡಿನ ಮುಂದೆ ಹತ್ತು ನಿಮಿಷ ಕೂತ ಹುಡುಗನನ್ನು ನೋಡಿದರೆ ಇದು ಗೊತ್ತಾಗುವುದಿಲ್ಲ. ಅದರ ಜೊತೆಗೆ ಮನೆಯವರು ಮರ್ಯಾದೆಗೆ ಅಂಜಿ ‘ಎಲ್ಲ ಮಾಡ್ತಾನ್ರಿ’ ಅಂದುಬಿಡುತ್ತಾರೆ. ಹಾಗೆ ಹೇಳಿ ಶೇ 25ಕ್ಕೆ ನಿಂತ ಮಕ್ಕಳು ನನಗೆ ಗೊತ್ತು.

ಆದ್ದರಿಂದ ಹೀಗೆ ಮಾಡಿ. ಒಂದು ನೋಟ್‌ಬುಕ್ ಇಡಿ. ಎರಡು ತಿಂಗಳು, ದಿನಕ್ಕೆ ಎರಡೇ ಸಾಲು. ಇವತ್ತು ಅಂಗಡಿಗೆ ಕಳಿಸಿದಾಗ ಏನಾಯಿತು. ಅಂಗಿ ಗುಂಡಿ ಹಾಕಿಕೊಂಡನಾ, ಎಷ್ಟು ಸಲ ಹೇಳಬೇಕಾಯಿತು. ಶಾಲೆಯಿಂದ ನೇರ ಮನೆಗೆ ಬಂದನಾ, ಯಾರೋ ಕರೆದರು ಅಂತ ಹಿಂದೆ ಹೋದನಾ. ಶಾಲೆಯ ಮೇಷ್ಟ್ರಿಂದ ಒಂದು ಪುಟ ಬರೆಸಿಕೊಳ್ಳಿ. ಮನಶ್ಶಾಸ್ತ್ರಜ್ಞರ ಮುಂದೆ ಕೂತಾಗ ಇವನ್ನು ಕೊಡಿ. ಒಳ್ಳೆಯದನ್ನು ಮುಚ್ಚಬೇಡಿ, ಕಷ್ಟವನ್ನೂ ಮುಚ್ಚಬೇಡಿ. ಏನೂ ಬರುವುದಿಲ್ಲ ಅಂತ ಹೆಚ್ಚಿಸಿ ಹೇಳುವುದೂ ಬೇಡ. ಅದು ಸುಳ್ಳು, ಮತ್ತು ಮುಂದೆ ಅವನಿಗೆ ಒಂದು ಕೆಲಸ ಕೊಡಿಸಲು ಹೋದಾಗ ಆ ಕಾಗದವೇ ಅಡ್ಡ ಬರಬಹುದು. ‘ಮಾಡುತ್ತಾನೆ, ಆದರೆ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಹೇಳಿಕೊಟ್ಟರೆ ಮಾತ್ರ ಮಾಡುತ್ತಾನೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮಾರ್ಗಸೂಚಿಯ ಪ್ರಕಾರ ಈ ಪರೀಕ್ಷೆಗಳನ್ನು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರೇ ಮಾಡಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಆಗದಿದ್ದರೆ, ಅಥವಾ ಅಲ್ಲಿಯ ಫಲಿತಾಂಶದ ಬಗ್ಗೆ ಅನುಮಾನ ಇದ್ದರೆ, ನಿಮಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಸಿಕಂದರಾಬಾದ್ ಹತ್ತಿರ. ಅಲ್ಲಿ ಮನೋವಿಕಾಸ ನಗರದಲ್ಲಿ ನೀಪಿಡ್ ಅಂತ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆ ಇದೆ, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗಾಗಿಯೇ ಇರುವುದು. ಅಲ್ಲಿಯ ವರದಿಯನ್ನು ತಂದು ಬೋರ್ಡಿಗೆ ಕೊಡಬಹುದು.

ಮತ್ತೆ ಬಾಯಿಮಾತಿನಲ್ಲಿ ಇಲ್ಲ ಅಂದರೆ ವಾಪಸ್ ಬರಬೇಡಿ. ಸರ್ಟಿಫಿಕೇಟ್ ಕೊಡುವುದಿಲ್ಲ ಅಂತಾದರೆ ಕಾರಣವನ್ನು ಬರೆದು ಕೊಡಬೇಕು ಅಂತ ನಿಯಮವೇ ಇದೆ. ಅದನ್ನು ಕೈಗೆ ತೆಗೆದುಕೊಂಡರೆ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬಹುದು. ಸರ್ಟಿಫಿಕೇಟ್ ಮಾಡಿಸಿ ಕೊಡುತ್ತೇವೆ ಅಂತ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ದಲ್ಲಾಳಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವರು ಮಾಡಿಸಿದ ಕಾಗದ ನಾಳೆ ಪರಿಶೀಲನೆಯಲ್ಲಿ ಬಿದ್ದರೆ ಕಳೆದುಕೊಳ್ಳುವುದು ಹುಡುಗ.

ನಿಮಗೆ ಇನ್ನೊಂದು ಭಯ ಇರಬಹುದು, ಕಾರ್ಡಿನ ಮೇಲೆ ಅಕ್ಕನ ವಿಷಯ ಬರುತ್ತದಾ ಅಂತ. ಬರುವುದಿಲ್ಲ. ಅಂಗವಿಕಲತೆಯ ಬಗೆ ಮತ್ತು ಶೇಕಡಾ ಎಷ್ಟು ಅನ್ನುವುದು ಇರುತ್ತದೆ.  ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಶೇ 40 ದಾಟಿದರೆ ಏನೇನು ಸಿಗುತ್ತದೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ಅಂಗವಿಕಲರ ಮಾಸಾಶನ. ಮನೆಯ ಆದಾಯಕ್ಕೆ ಮಿತಿ ಇದೆ, ಶೇಕಡಾ ಮೇಲೆ ಮೊತ್ತ ಬದಲಾಗುತ್ತದೆ. ಕಲ್ಯಾಣ ಕರ್ನಾಟಕ ಸಾರಿಗೆಯ ರಿಯಾಯಿತಿ ಪಾಸು, ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ. ಬುದ್ಧಿ ಬೆಳವಣಿಗೆ ಹಿಂದುಳಿದವರಿಗೆ ಮತ್ತು ಜೊತೆಗೆ ಹೋಗುವ ಒಬ್ಬರಿಗೆ ರೈಲಿನಲ್ಲಿ ಸ್ಲೀಪರ್ ದರ್ಜೆಗೆ ಶೇ 75 ರಿಯಾಯಿತಿ. ಸಿಕಂದರಾಬಾದಿಗೆ ಓಡಾಡುವಾಗ ಇದು ದೊಡ್ಡ ಸಹಾಯ. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ, ಅದರಲ್ಲಿ ಥೆರಪಿಗೂ ಸ್ವಲ್ಪ ದುಡ್ಡು ಸಿಗುತ್ತದೆ. ವಿದ್ಯಾರ್ಥಿವೇತನ ಇದೆ. 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕು ಇದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು. ಇವನ್ನೆಲ್ಲ ಒಂದೇ ಸಲ ಮಾಡಿಸಲು ಹೋಗಬೇಡಿ, ಸುಸ್ತಾಗುತ್ತದೆ. ಮೊದಲು ಮಾಸಾಶನ, ಆಮೇಲೆ ನಿರಾಮಯ.

ಶೇ 40 ಬರದಿದ್ದರೆ? ಇದು ಆಗಬಹುದು, ನಿಮಗೆ ಮುಚ್ಚಿಡುವುದಿಲ್ಲ. ಐಕ್ಯೂ ಸಾಮಾನ್ಯ ಮಟ್ಟದಲ್ಲೇ ಬಂದು ಓದು, ಬರಹ, ಲೆಕ್ಕ ಮಾತ್ರ ತೀರಾ ಹಿಂದೆ ಇದ್ದರೆ ಕಲಿಕೆಯ ನಿರ್ದಿಷ್ಟ ನ್ಯೂನತೆ ಅಂತ ಪರೀಕ್ಷೆ ಮಾಡಿಸಬಹುದು. ಎಂಟು ವರ್ಷ ದಾಟಿದವರಿಗೆ ಅದನ್ನು ಮಾಡುತ್ತಾರೆ. ಆದರೆ ಐಕ್ಯೂ ಎಪ್ಪತ್ತು, ಎಂಬತ್ತರ ನಡುವೆ ನಿಂತ ಮಕ್ಕಳು ಎರಡೂ ಕಡೆ ಸಲ್ಲದೆ ನಡುವೆ ಬೀಳುತ್ತಾರೆ. ಬರೀ ಚಂಚಲತೆಯ ತೊಂದರೆ, ಎಡಿಎಚ್‌ಡಿ ಅನ್ನುವುದು, 21ರ ಪಟ್ಟಿಯಲ್ಲೇ ಇಲ್ಲ. ಈ ಗುಂಡಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲೂ ಐಕ್ಯೂ 70 ದಾಟಿದ ಎಫ್‌ಎಎಸ್‌ಡಿ ಯುವಕರಿಗೆ ನೆರವು ಸಿಗುತ್ತಿರಲಿಲ್ಲ. ಒಬ್ಬ ಸಾಕುತಾಯಿ ಮಗನಿಗಾಗಿ ಕೋರ್ಟಿಗೆ ಹೋದರು. ಕೊನೆಗೆ 2010ರಲ್ಲಿ ಅಲ್ಲಿಯ ಸರ್ಕಾರ, ಐಕ್ಯೂ ಎಷ್ಟೇ ಇರಲಿ ದಿನನಿತ್ಯದ ಬದುಕು ನಿಭಾಯಿಸಲು ಆಗದಿದ್ದರೆ ಸಾಕು ಅಂತ ಎಫ್‌ಎಎಸ್‌ಡಿ ಮತ್ತು ಆಟಿಸಂ ಇರುವ ವಯಸ್ಕರಿಗೆ ಬೇರೆಯೇ ಯೋಜನೆ ಮಾಡಿತು. ನಮ್ಮಲ್ಲೂ ಇದು ಆಗಬೇಕು. ದೊಡ್ಡ ಹೊಸ ಕಾನೂನು ಬೇಕಾಗಿಲ್ಲ, ಈಗಿರುವ ಮಾಪನವನ್ನು ತಾಳ್ಮೆಯಿಂದ ಮಾಡಿದರೆ ಅರ್ಧ ಮಕ್ಕಳಾದರೂ ಗುಂಡಿಯಿಂದ ಮೇಲೆ ಬರುತ್ತಾರೆ ಅನ್ನುವುದು ನನ್ನ ನಂಬಿಕೆ.

ನಿಮ್ಮ ಹುಡುಗನಿಗೆ ಸರ್ಟಿಫಿಕೇಟ್ ಇಲ್ಲದೆಯೂ ತೆರೆಯುವ ಒಂದು ಬಾಗಿಲು ಇದೆ, ನಿಮಗೆ ಅದನ್ನು ಯಾರೂ ಹೇಳಿದಂತಿಲ್ಲ. ಅವನಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಚಿಗವ್ವನ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಯೋಜನೆ ಇದೆ. ಅನಾಥ ಮಕ್ಕಳು ಸಂಬಂಧಿಕರ ಮನೆಯಲ್ಲಿದ್ದರೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ಯಾದಗಿರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಅಪ್ಪ ಅಮ್ಮನ ಮರಣ ಪ್ರಮಾಣಪತ್ರ, ಹುಡುಗನ ಜನ್ಮ ಪ್ರಮಾಣಪತ್ರ, ಆಧಾರ್, ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಜೊತೆಗಿರಲಿ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇದು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು, ಇದನ್ನೇ ನಂಬಿ ಸಾಲ ಮಾಡಬೇಡಿ. ಆದರೂ ಸರ್ಟಿಫಿಕೇಟಿನ ಕೆಲಸಕ್ಕಿಂತ ಮೊದಲು ನಾನು ನಿಮ್ಮನ್ನು ಕಳಿಸುವುದು ಇಲ್ಲಿಗೇ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹುಡುಗ ನಿಮ್ಮ ಹತ್ತಿರ ಇದ್ದಾನೆ ಅನ್ನುವುದು ದಾಖಲಾದರೆ, ಪೋಷಕರು ಯಾರು ಅನ್ನುವ ಪ್ರಶ್ನೆಗೆ ಮುಂದೆ ಎಲ್ಲ ಕಚೇರಿಗಳಲ್ಲೂ ಉತ್ತರ ಸಿಗುತ್ತದೆ.

ಚಿಕಿತ್ಸೆಗೂ ಸರ್ಟಿಫಿಕೇಟ್ ಬೇಕಾಗಿಲ್ಲ. ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡ ಬರುತ್ತದೆ. ಮೇಷ್ಟ್ರಿಗೆ ಹೇಳಿ ಹುಡುಗನನ್ನು ಅವರಿಗೆ ತೋರಿಸಿ. ಅವರು ಜಿಲ್ಲಾ ಆಸ್ಪತ್ರೆಯ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಬರೆದು ಕೊಡುತ್ತಾರೆ, 18 ವರ್ಷದವರೆಗಿನ ಮಕ್ಕಳನ್ನು ಅಲ್ಲಿ ಪುಕ್ಕಟೆ ನೋಡುತ್ತಾರೆ. ಸಿಟ್ಟು, ಹಟ, ನಿದ್ದೆಯ ತೊಂದರೆ ಇದ್ದರೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಇದೆ. ರಾತ್ರಿ ನಿದ್ದೆ ಬರಲ್ಲ ಅಂದಿರಲ್ಲ, 14416 ಅನ್ನುವ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ನಿಮಗಾಗಿ. ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಜಗಳ ಮಾಡಬೇಕಾಗಿಲ್ಲ, ಒಂದು ಸಂಜೆ ಮೇಷ್ಟ್ರ ಹತ್ತಿರ ಕೂತು ನಾನು ಮೇಲೆ ಬರೆದದ್ದನ್ನು ಓದಿ ಹೇಳಿ. ತಾಲೂಕಿನ ಬಿಆರ್‌ಸಿ ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕರು ಇರುತ್ತಾರೆ, ಅವರನ್ನು ಕರೆಸಿ ಅಂತ ಕೇಳಿ. ದೂರದ ವಸತಿ ಶಾಲೆಗೆ ಹಾಕಿಬಿಡಿ ಅಂತ ಯಾರಾದರೂ ಹೇಳಿದರೆ ನನ್ನ ಸಲಹೆ ಬೇಡ ಅನ್ನುವುದು. ಈ ಮಕ್ಕಳು ಯಾರು ಕರೆದರೂ ನಂಬಿ ಹೋಗುತ್ತಾರೆ. ಕಣ್ಣಳತೆಯಲ್ಲಿ ನೋಡಿಕೊಳ್ಳುವ ಒಬ್ಬರು ಬೇಕು, ಹದಿನಾಲ್ಕು ಹದಿನೈದರ ವಯಸ್ಸಿನಲ್ಲಂತೂ ಇನ್ನೂ ಜಾಸ್ತಿ.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಅದೇ ಮಾತು, ಅದೇ ಕ್ರಮ, ಅದೇ ಹೊತ್ತು. ಬೆಳಿಗ್ಗೆ ಏಳುವುದು, ಹಲ್ಲುಜ್ಜುವುದು, ಸ್ನಾನ, ಚೀಲ ಅಂತ ನಾಲ್ಕು ಚಿತ್ರ ಬರೆದು ಗೋಡೆಗೆ ಅಂಟಿಸಿ. ಅಂಗಡಿಗೆ ಕಳಿಸುವಾಗ ಸಾಮಾನಿನ ಖಾಲಿ ಪಾಕೀಟನ್ನೇ ಕೈಗೆ ಕೊಡಿ, ಸರಿಯಾದ ಚಿಲ್ಲರೆ ಎಣಿಸಿ ಕೊಡಿ. ‘ದುಡ್ಡು ಏನ್ಮಾಡ್ದಿ’ ಅಂತ ತನಿಖೆ ಮಾಡಿದರೆ ಕತೆ ಹುಟ್ಟುತ್ತದೆ. ‘ಬಾ, ಇಬ್ಬರೂ ಹೋಗಿ ನೋಡೋಣ’ ಅಂದರೆ ಹುಟ್ಟುವುದಿಲ್ಲ. ಅವನಿಗೆ 11 ವರ್ಷ ಅಂತ ಮರೆತು, ಏಳು ವರ್ಷದವನಿಂದ ಏನು ನಿರೀಕ್ಷಿಸುತ್ತೀರೋ ಅಷ್ಟನ್ನೇ ಕೇಳಿ ನೋಡಿ. ಮನೆಯ ಗಲಾಟೆ ಅರ್ಧ ತಣ್ಣಗಾಗುತ್ತದೆ. ಅವನಿಗೆ ಕೈಕೆಲಸ ಇಷ್ಟವಾ, ಆಡು ಕುರಿ ನೋಡಿಕೊಳ್ಳುವುದು ಇಷ್ಟವಾ ಅಂತ ಬರೆದಿಲ್ಲ ನೀವು. ಮುಂದಿನ ಸಲ ಬರೆಯಿರಿ, ಅವನ ದುಡಿಮೆಯ ದಾರಿ ಅಲ್ಲಿಂದಲೇ ಸಿಗುವುದು.

ಈಗ ಅಕ್ಕನ ವಿಷಯ. ದಿನವಿಡೀ ಇಟ್ಟಿಗೆ, ಕಾಂಕ್ರೀಟ್ ಹೊತ್ತು ಬಂದ ಬಸುರಿ ಹೆಂಗಸಿಗೆ ನೋವಿಗೆ ಸಿಕ್ಕ ಔಷಧಿ ಅದೊಂದೇ ಆಗಿತ್ತು. ಬೇಡ ಅಂತ ಅವಳಿಗೆ ಯಾರು ಹೇಳಿದ್ದರು? ಆಸ್ಟ್ರೇಲಿಯಾದಲ್ಲಿ 2023ರಿಂದ ಪ್ರತಿ ಮದ್ಯದ ಬಾಟಲಿಯ ಮೇಲೆ ಬಸುರಿಯರಿಗೆ ಎಚ್ಚರಿಕೆ ಕಡ್ಡಾಯ. ನಮ್ಮ ಬಾಟಲಿಗಳ ಮೇಲೆ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅಂತ ಇದೆ, ಹೊಟ್ಟೆಯಲ್ಲಿರುವ ಕೂಸಿನ ಮಾತೇ ಇಲ್ಲ. ಸೇಂದಿಯ ಪ್ಲಾಸ್ಟಿಕ್ ಪಾಕೀಟಿನ ಮೇಲಂತೂ ಏನೂ ಇರುವುದಿಲ್ಲ. ಹೆರಿಗೆ ಆದ ಮೇಲೆ ಬಾಣಂತಿಗೆ ಬ್ರಾಂದಿ ಕೊಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಕ್ಕ ತಿಳಿದು ಮಾಡಿದ್ದಲ್ಲ.

ಹುಡುಗ ಇನ್ನು ಎರಡು ಮೂರು ವರ್ಷದಲ್ಲಿ ನಿಮ್ಮನ್ನು ಕೇಳುತ್ತಾನೆ, ನಂಗ್ಯಾಕೆ ಹಿಂಗ ಅಂತ. ಇಂಥ ಮನೆಗಳಲ್ಲಿ ನಾನು ಹೇಳಿಕೊಡುವ ಉತ್ತರ ಇಷ್ಟು: ‘ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮವ್ವ ನೋವಿಗೆ ಅಂತ ಕುಡಿದದ್ದು ನಿನ್ನ ತಲೆಗೆ ಸ್ವಲ್ಪ ಪೆಟ್ಟು ಮಾಡ್ತು. ಅವ್ವಗ ಅದು ಗೊತ್ತಿರಲಿಲ್ಲ. ನೀ ಹುಟ್ಟಿದಾಗ ಅವ್ವ ಭಾಳ ಖುಷಿಪಟ್ಟಿದ್ದಳು.’ ಕೊನೆಯ ಸಾಲನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅವತ್ತು ಅಕ್ಕ ಏನು ಮಾಡಿದಳು, ಯಾವ ಹೆಸರಿಟ್ಟು ಕರೆದಳು, ನೆನಪಿರುವಷ್ಟನ್ನು ಆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಅದನ್ನು ಬೋರ್ಡಿಗೆ ತೋರಿಸಬೇಕಾಗಿಲ್ಲ.